ಮೂತಿ ಮುಚ್ಚದ ಕಾಲುಚೀಲ

ಇದನ್ನು ಬರೆಯುತ್ತಿರುವಾಗ ನನ್ನ ಮೇಜಿನ ಮೇಲೆ, ಕನ್ನಡಕದ ಡಬ್ಬಿಗೂ ರಕ್ತದೊತ್ತಡದ ಮಾತ್ರೆಗಳಿಗೂ ನಡುವೆ, ಐದು ವರ್ಷದ ಹುಡುಗನ ಕಾಲಿಗೆ ಹಿಡಿಯುವಂಥ ಒಂದು ಉಣ್ಣೆಯ ಕಾಲುಚೀಲ ಮಲಗಿದೆ. ಜೋಡಿಯಲ್ಲ, ಒಂದೇ. ಅದರ ಬಣ್ಣ ಒಂದು ಕಾಲಕ್ಕೆ ಕುಂಕುಮದ ಕೆಂಪಾಗಿದ್ದಿರಬೇಕು. ಈಗ ಹಳೆಯ ಹೆಂಚಿನದಾಗಿದೆ. ಮೇಲಿನ ಪಟ್ಟಿ ಸರಿಯಾಗಿದೆ, ಹಿಮ್ಮಡಿ ಸರಿಯಾಗಿದೆ, ಪಾದವೂ ಅಚ್ಚುಕಟ್ಟಾಗಿ ಮುಂದುವರಿದಿದೆ. ಬೆರಳುಗಳು ಇರಬೇಕಾದ ಕಡೆಗೆ ಬಂದಾಗ ಮಾತ್ರ ಹೆಣಿಗೆ ಥಟ್ಟನೆ ನಿಂತುಬಿಟ್ಟಿದೆ. ತೆರೆದ ಬಾಯಿಯ ಸುತ್ತ ನಾಲ್ಕು ಕಡ್ಡಿಗಳು ಕುಣಿಕೆಗಳನ್ನು ಇನ್ನೂ ಹಿಡಿದುಕೊಂಡು, ಈಗ ಬಂದೆ ಎಂದು ಎದ್ದು ಹೋದವರನ್ನು ಕಾಯುತ್ತಿರುವಂತಿವೆ. ಅಂಗಡಿಯಿಂದ ತಂದ ಹೆಣಿಗೆ ಕಡ್ಡಿಗಳಲ್ಲ ಇವು. ಸೈಕಲ್ ಚಕ್ರದ ಕಡ್ಡಿಗಳು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದ ನಮ್ಮಪ್ಪ ಅವುಗಳ ಎರಡೂ ತುದಿಗಳನ್ನು ಸಾಣೆ ಹಿಡಿದು ನುಣುಪು ಮಾಡಿಕೊಟ್ಟಿದ್ದ. ಮೊದಲು ಐದು ಇದ್ದವು. ಐದನೆಯದು ಎಲ್ಲಿಗೆ ಹೋಯಿತೆಂಬುದನ್ನು ಆಮೇಲೆ ಹೇಳುತ್ತೇನೆ; ಅದರಲ್ಲಿ ನನ್ನ ಅಪರಾಧವೂ ಇದೆ.

ಶಿವಮೊಗ್ಗದ ಸೆಕೆಯಲ್ಲಿ ಉಣ್ಣೆಯ ಕಾಲುಚೀಲ ಯಾರಿಗೆ ಬೇಕು ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಪ್ಪತ್ತು ದಾಟುವ ತನಕ ನನ್ನ ಪಾದಗಳಿಗೂ ಕಾಲುಚೀಲಕ್ಕೂ ಇದ್ದ ಸಂಬಂಧವೆಂದರೆ ಮದುವೆಯ ಫೋಟೋ ಒಂದೇ. ಆದರೂ ಕಳೆದ ಎರಡು ತಿಂಗಳಲ್ಲಿ ನಾನು ಹೆಣೆದ ಕಾಲುಚೀಲಗಳನ್ನು, ಬಿಚ್ಚಿ ಮತ್ತೆ ಹೆಣೆದವುಗಳನ್ನೂ ಸೇರಿಸಿ, ಒಂದು ಹಗ್ಗಕ್ಕೆ ನೇತು ಹಾಕಿದರೆ ವಿದ್ಯಾನಗರದ ನಮ್ಮ ಮನೆಯ ಅಂಗಳದ ಈ ಕೊನೆಯಿಂದ ಆ ಕೊನೆಯವರೆಗೆ ಬರುತ್ತವೆ. ಇದಕ್ಕೆ ಕಾರಣ ನನ್ನ ಅಕ್ಕ ಗಿರಿಜೆಯ ಬಲಗಾಲಿನ ಎರಡನೆಯ ಬೆರಳು.

ಅಲ್ಲಿಗೆ ಹೋಗುವ ಮೊದಲು ನನ್ನದೊಂದು ದುರಭ್ಯಾಸವನ್ನು ಹೇಳಿಬಿಡುವುದು ಒಳ್ಳೆಯದು. ಯಾರಾದರೂ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ನಂಬುವುದು ನನ್ನಿಂದ ಆಗುವುದಿಲ್ಲ. ಇದು ಗುಣವೋ ಕಾಯಿಲೆಯೋ ಎಂಬ ವಿಷಯದಲ್ಲಿ ನನಗೂ ನನ್ನ ಹೆಂಡತಿ ವಿಮಲೆಗೂ ನಲವತ್ತು ವರ್ಷಗಳಿಂದ ಒಮ್ಮತವಿಲ್ಲ. ನಮ್ಮೂರಿಗೆ ಹೆಸರು ಬಂದದ್ದು ಸಿಹಿಯಾದ ಮೊಗೆಯಿಂದ ಎಂದು ಯಾರಾದರೂ ಭಾಷಣ ಮಾಡಿದರೆ, ಆ ಮೊಗೆಯನ್ನು ಕಂಡವರು ಯಾರು ಎಂದು ಸಭೆಯಲ್ಲಿ ಕೈಯೆತ್ತುವವನು ನಾನು. ಅಲ್ಲ, ಶಿವನ ಮುಖದಿಂದ ಬಂತು ಎಂದು ಇನ್ನೊಬ್ಬರು ಹೇಳಿದರೆ ಆಗಲೂ ನನ್ನ ಕೈ ಇಳಿದಿರುವುದಿಲ್ಲ.

ಈ ಅಭ್ಯಾಸ ಬಂದದ್ದು ರದ್ದಿ ಕಾಗದದಿಂದ. ಏಳನೆಯ ತರಗತಿಯ ಸರ್ಟಿಫಿಕೇಟು ಹಿಡಿದು ನಾನು ಕಾಗದದ ಕಾರ್ಖಾನೆಗೆ ಸೇರಿದವನು. ಅರೆದು ಮತ್ತೆ ಕಾಗದ ಮಾಡಲೆಂದು ಬಂದು ಬೀಳುತ್ತಿದ್ದ ಹಳೆಯ ಪುಸ್ತಕಗಳ ರಾಶಿಯೇ ನನ್ನ ಹೈಸ್ಕೂಲು, ಅದೇ ಕಾಲೇಜು. ಊಟದ ಬಿಡುವಿನಲ್ಲಿ ಬುತ್ತಿಯ ಮುಚ್ಚಳದ ಮೇಲೆ ಪುಸ್ತಕ ಒರಗಿಸಿಕೊಂಡು ಇತಿಹಾಸ, ವೈದ್ಯ, ವ್ಯಾಕರಣ, ಜೇನು ಸಾಕಣೆ ಎಲ್ಲವನ್ನೂ ಓದಿದೆ. ಬಹುಪಾಲು ಪುಸ್ತಕಗಳಿಗೆ ರಟ್ಟು ಇರುತ್ತಿರಲಿಲ್ಲ, ಕೊನೆಯ ಪುಟಗಳೂ ಇರುತ್ತಿರಲಿಲ್ಲ. ಪತ್ತೇದಾರಿ ಕಾದಂಬರಿಗಳನ್ನು ಸಾಕಷ್ಟು ಓದಿದ್ದೇನಾದರೂ ಕೊಲೆ ಮಾಡಿದವನು ಯಾರೆಂದು ಒಂದರಲ್ಲೂ ನನಗೆ ಗೊತ್ತಾಗಿಲ್ಲ. ಹಾಗಾಗಿ ಎಲ್ಲರ ಮೇಲೂ ಸಂಶಯ ಉಳಿದುಕೊಂಡಿತು. ಅದಕ್ಕೂ ಹಿಂದೆ, ಇನ್ನೂ ಶಾಲೆಗೆ ಸೇರುವ ಮುನ್ನವೇ, ಅಂಗಡಿಗಳ ಬೋರ್ಡು ನೋಡಿ ನೋಡಿ ನನ್ನಷ್ಟಕ್ಕೆ ನಾನೇ ಅಕ್ಷರ ಕಲಿತೆನೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಅವ್ವ ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದಳು. ನಿವೃತ್ತಿಯ ದಿನ ಕೊರಳಿಗೆ ಹಾರ ಬಿದ್ದಾಗ ಮೈಕಿನ ಮುಂದೆ ನಾನೂ ಹೇಳಿದೆ, ಜನ ಚಪ್ಪಾಳೆ ತಟ್ಟಿದರು.

ಈಗ ಬೆರಳಿಗೆ ಬರೋಣ. ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕ ಇರುವುದು ಭದ್ರಾವತಿಯ ಕಾಗದನಗರದ ಬಳಿ, ಮಗಳು ಸುಮಾಳ ಜೊತೆ. ಸುಮಾ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಗುಮಾಸ್ತೆ, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವಳು. ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಯಿತು. ಪಾದಗಳಿಗೆ ಸ್ಪರ್ಶ ತಿಳಿಯದಂತಾಗಿ ಮೂರು ವರ್ಷ. ಇಷ್ಟಾದರೂ ತಿಂಗಳಿಗೊಮ್ಮೆ ಒಬ್ಬಳೇ ಬಸ್ಸು ಹತ್ತಿ, ಕೈಚೀಲದಲ್ಲಿ ನುಗ್ಗೆಕಾಯಿ ತುಂಬಿಕೊಂಡು ನಮ್ಮ ಮನೆಗೆ ಬರುವುದನ್ನು ಅವಳು ತಪ್ಪಿಸಿರಲಿಲ್ಲ. ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗುತ್ತೇನೆಂದರೆ, "ನಾನೇನು ಪಾರ್ಸಲ್ಲಾ ಮಾರಾಯ, ನೀನು ಬಂದು ಬಿಡಿಸ್ಕೊಂಡು ಹೋಗೋಕೆ?" ಎನ್ನುವಳು.

ಈ ಸಲ ಅವಳು ಬರಲಿಲ್ಲ. ಅಂಗಡಿಯಿಂದ ತಂದ ಕಾಲುಚೀಲದ ಒಳಗೆ, ಬೆರಳುಗಳ ಮೇಲೆ ಅಡ್ಡಲಾಗಿ ಬರುವ ದಪ್ಪನೆಯ ಹೊಲಿಗೆ ಉಜ್ಜಿ ಉಜ್ಜಿ ಎರಡನೆಯ ಬೆರಳು ಹುಣ್ಣಾಗಿತ್ತು. ನೋವು ತಿಳಿಯದ ಕಾಲಾದ್ದರಿಂದ ರಕ್ತ ಕಾಣುವ ತನಕ ಅವಳಿಗೆ ಗೊತ್ತೇ ಆಗಿರಲಿಲ್ಲ. ನಾನೂ ಸುಮಾಳೂ ಅವಳನ್ನು ಡಾಕ್ಟರಲ್ಲಿಗೆ ಕರೆದೊಯ್ದೆವು. ಡಾಕ್ಟರು ಸುಮಾಳಿಗಿಂತಲೂ ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಅಜ್ಜಿ, ಬರಿಗಾಲಲ್ಲಿ ಓಡಾಡಬೇಡಿ. ಸಾಕ್ಸ್ ಹಾಕ್ಲೇಬೇಕು, ಆದ್ರೆ ಅದರೊಳಗೆ ಹೊಲಿಗೆ ಇರಬಾರದು. ಇನ್ನೊಂದು ಸಲ ಅಲ್ಲೇ ಉಜ್ಜಿದ್ರೆ ಬೆರಳು ಉಳಿಸೋದು ಕಷ್ಟ. ಆರು ವಾರ ನೋಡೋಣ."

"ಹತ್ತರಲ್ಲಿ ಒಂದು ತಾನೇ, ಹೋದ್ರೆ ಹೋಗ್ಲಿ ಬಿಡಿ ಡಾಕ್ಟ್ರೇ. ಈ ವಯಸ್ಸಲ್ಲಿ ನಾನೇನು ಓಟಕ್ಕೆ ನಿಲ್ಲಬೇಕಾ?" ಎಂದು ಅಕ್ಕ ನಕ್ಕಳು.

ಮನೆಗೆ ಬಂದ ಮೇಲೆ ನಗಲಿಲ್ಲ. ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಯಾರದೋ ವಸ್ತುವನ್ನು ತನ್ನ ಬಳಿ ಬಿಟ್ಟುಹೋಗಿದ್ದಾರೇನೋ ಎಂಬಂತೆ ಅದನ್ನೇ ನೋಡುತ್ತ ಕುಳಿತಳು. ಆಮೇಲೆ ಮೆಲ್ಲಗೆ, "ಒಂದು ಬೆರಳು ತೆಗೆದ್ರೆ ನಡಿಗೆ ಸೊಟ್ಟ ಆಗುತ್ತಂತೆ, ಹೌದೇನೋ? ಬಸ್ ಹತ್ತೋಕೆ ಆಗಲ್ವಂತೆ?" ಎಂದು ಕೇಳಿದಳು. ನಾನು ಯಾವುದೋ ಮುಕ್ಕಾಲು ಪುಸ್ತಕದಲ್ಲಿ ಓದಿದ್ದನ್ನು ನೆನಪಿಸಿಕೊಂಡು, ಹಾಗೇನಿಲ್ಲ ಎಂದೆ. ಅವಳು ನಂಬಲಿಲ್ಲ. ಸಂಶಯ ನಮ್ಮ ಮನೆತನದ್ದೇ ಇರಬೇಕು.

ಸುಮಾ ಮೊಬೈಲಿನಲ್ಲಿ ಹುಡುಕಿ ಹೊಲಿಗೆಯಿಲ್ಲದ ಕಾಲುಚೀಲ ತರಿಸಿದಳು. ಅದರ ಎಲಾಸ್ಟಿಕ್ಕು ಅಕ್ಕನ ಊದಿದ ಕಾಲಿಗೆ ಕಡಗದ ಹಾಗೆ ಕೂತು ಗುರುತು ಬೀಳಿಸಿತು. ಇನ್ನೊಂದು ಬಗೆಯದು ಬರುವಷ್ಟರಲ್ಲಿ, ಹಳೆಯ ಔಷಧಿ ಚೀಟಿ ಬೇಕೆಂದು ನಾನು ಅಕ್ಕನ ಟ್ರಂಕಿಗೆ ಕೈ ಹಾಕಿದೆ. ಚೀಟಿ ಸಿಗಲಿಲ್ಲ. ಸಿಕ್ಕಿದ್ದು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಈ ಕೆಂಪು ಕಾಲುಚೀಲ.

"ಇದನ್ನ ಮಾಡಿದ್ದು ಯಾರೇ?"

"ಇನ್ಯಾರು, ನಾನೇ. ಮಿಡ್ಲ್ ಸ್ಕೂಲಲ್ಲಿ ಹೆಣ್ಮಕ್ಕಳಿಗೆ ಕ್ರಾಫ್ಟ್ ಪೀರಿಯಡ್ ಇತ್ತಲ್ಲ. ಟೀಚರಿಗೆ ವರ್ಗ ಆಯ್ತು. ಮೂತಿ ಮುಚ್ಚೋದು ಹೇಳಿಕೊಡದೇ ಹೋದ್ರು."

ಈ ಟೀಚರು ವರ್ಗವಾದ ಕಥೆಯನ್ನು ಚಿಕ್ಕಂದಿನಿಂದ ನಾನು ಕೇಳಿದ್ದೆ. ಅಕ್ಕ ಶಾಲೆ ಬಿಟ್ಟದ್ದೇಕೆ ಎಂದು ಯಾರೇ ಕೇಳಲಿ, ಅವ್ವ ಕೊಡುತ್ತಿದ್ದ ಉತ್ತರವೂ ಅದೇ. ಒಬ್ಬ ಟೀಚರಿಗೆ ವರ್ಗವಾದರೆ ಒಬ್ಬ ಹುಡುಗಿ ಶಾಲೆಯನ್ನೇ ಬಿಡಬೇಕೇ ಎಂಬ ಪ್ರಶ್ನೆ, ಊರಿನ ಹೆಸರನ್ನೂ ಬಿಡದೆ ಅನುಮಾನಿಸುವ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಮನೆಯವರ ಕಥೆಗಳು ಹಾಗೆಯೇ, ಹಾಸಿಗೆಯಡಿಯ ಚಾಪೆಯಂತೆ. ಅದರ ಮೇಲೆಯೇ ಮಲಗುತ್ತೇವೆ, ಎತ್ತಿ ನೋಡುವುದಿಲ್ಲ.

ಆ ದಿನ ನನ್ನ ಗಮನ ಇದ್ದದ್ದು ಬೇರೆ ಕಡೆ. ಇಂಥ ಹಿಮ್ಮಡಿಯನ್ನು ಹನ್ನೆರಡು ವರ್ಷದ ಹುಡುಗಿ ಸೈಕಲ್ ಕಡ್ಡಿಯಲ್ಲಿ ಹೆಣೆಯಬಹುದಾದರೆ, ಎಪ್ಪತ್ತೊಂದರ ನಾನು ಒಂದು ಜೊತೆ ಹತ್ತಿಯ ಕಾಲುಚೀಲ ಹೆಣೆಯಲಾರೆನೇ? ಅಕ್ಕನಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ಹೊಸ ಕನ್ನಡಕ ಬರುವ ತನಕ ಸೂಜಿಗೀಜಿ ಮುಟ್ಟಬಾರದೆಂದು ಹೇಳಿದ್ದರು. ಆದ್ದರಿಂದ ಬಾಯಿ ಅವಳದು, ಕೈ ನನ್ನದು ಎಂದು ಒಪ್ಪಂದವಾಯಿತು.

ನಮ್ಮ ವಿಮಲೆ ಹಿಂದೆ ಸ್ವೆಟರ್ ಹೆಣೆಯುತ್ತಿದ್ದವಳೇ. ಬೆರಳಿನ ಗಂಟುಗಳು ನೋಯತೊಡಗಿದ ಮೇಲೆ ಬಿಟ್ಟಿದ್ದಳು. ಅವಳನ್ನು ಕೇಳಬಹುದಿತ್ತು. ಆದರೆ ಹರಿದ ಪುಸ್ತಕವನ್ನು ಕೇಳಿಯೇನು, ಹೆಂಡತಿಯನ್ನು ಕೇಳಲಾರೆ ಎಂಬುದು ನನ್ನ ಸ್ವಶಿಕ್ಷಣದ ಮೊದಲ ಸೂತ್ರ. ನಾನು ಗಾಂಧಿ ಬಜಾರಿನಿಂದ ಬಿಳಿಯ ಹತ್ತಿನೂಲನ್ನೂ ಹೊಸ ಕಡ್ಡಿಗಳನ್ನೂ ತಂದು, ಎರಡು ದಿನಕ್ಕೊಮ್ಮೆ ಭದ್ರಾವತಿಗೆ ಹೋಗತೊಡಗಿದೆ. ಬಸ್ಸಿನಲ್ಲಿಯೂ ಕೈ ಬಿಡುತ್ತಿರಲಿಲ್ಲ.

"ತಾತ, ಬ್ರೇಕ್ ಹಾಕಿದ್ರೆ ಆ ಕಡ್ಡಿ ಪಕ್ಕದವ್ರ ಕಣ್ಣಿಗೆ ಹೋಗತ್ತೆ ನೋಡಿ," ಎಂದು ಕಂಡಕ್ಟರು ಎಚ್ಚರಿಸಿದ.

ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಕಣ್ಣಿನ ಚಿಂತೆ ಬಿಟ್ಟು, "ಯಾರಿಗೆ ಯಜಮಾನ್ರೇ, ಮೊಮ್ಮಗೂಗಾ?" ಎಂದಳು.

"ಇಲ್ಲ, ನಮ್ಮಕ್ಕನಿಗೆ."

"ಅಕ್ಕನಿಗಾ! ನಂಗೂ ಮೂರು ಜನ ತಮ್ಮಂದಿರು ಇದಾರೆ, ಒಂದು ಕರ್ಚೀಫ್ ಕೊಡಿಸಿಲ್ಲ."

ಅಲ್ಲಿಂದ ಭದ್ರಾವತಿಯವರೆಗೂ ನಾನು ಸ್ವಲ್ಪ ಎದೆಯುಬ್ಬಿಸಿಯೇ ಕೂತಿದ್ದೆ.

ಎರಡು ವಾರ ಕಳೆಯಿತು. ಪಟ್ಟಿ ಮುಗಿಯಿತು, ಹಿಮ್ಮಡಿ, ನಾಲ್ಕು ಸಲ ಬಿಚ್ಚಿಸಿಕೊಂಡು, ಮುಗಿಯಿತು. "ಅದು ಹಿಮ್ಮಡಿನೋ ಹಲಸಿನಕಾಯೋ?" ಎಂಬ ಅಕ್ಕನ ಮಾತನ್ನು ಕೇಳಿಸಿಕೊಂಡೇ ಪಾದವೂ ಮುಗಿಯಿತು. ಕುಣಿಕೆಗಳನ್ನು ಕಡಿಮೆ ಮಾಡುತ್ತ ಮಾಡುತ್ತ ತುದಿಗೆ ಬಂದಾಗ ಹದಿನಾರು ಉಳಿದವು. ಮುಂದೇನು? ಗುರುವಿಗೇ ಗೊತ್ತಿರದ ಪಾಠ. ನಾನು ಎಲ್ಲ ಕುಣಿಕೆಗಳಲ್ಲೂ ದಾರ ಪೋಣಿಸಿ, ಅಡಿಕೆ ಚೀಲದ ಬಾಯಿ ಕಟ್ಟುವಂತೆ ಎಳೆದು, ಗಂಟನ್ನು ಒಳಕ್ಕೆ ತಳ್ಳಿದೆ. ಹೊರಗಿನಿಂದ ನೋಡಿದರೆ ಚೆಂದವಾಗಿತ್ತು. ಹಾಗೆಯೇ ಇನ್ನೊಂದನ್ನೂ ಮುಗಿಸಿ ಜೋಡಿ ಮಾಡಿದೆ. ಅಕ್ಕ ಹಾಕಿಕೊಂಡಳು, ಕಾಲನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು, "ತಮ್ಮ ಮಾಡಿದ್ದು" ಎಂದು ಪಕ್ಕದ ಮನೆಯವರಿಗೆ ಬೇಲಿಯ ಮೇಲಿಂದ ಹೇಳಿದಳು.

ಮರುದಿನ ಸಂಜೆ ಸುಮಾಳ ಫೋನು ಬಂತು. ಬೆರಳಿನ ಮೇಲೆ ಗಂಟು ಇದ್ದ ಕಡೆ ಕೆಂಪಗೆ ಬಟಾಣಿಯಷ್ಟು ಗುರುತು ಬಿದ್ದಿತ್ತು. ಹುಣ್ಣಿನಿಂದ ಅರ್ಧ ಬೆರಳಗಲ ದೂರದಲ್ಲಿ.

"ನೀವು ಮಾಡಿದ್ದು ಅಂತ ಅಮ್ಮ ತೆಗೀಲೇ ಇಲ್ಲ ಮಾವ. ಬೆಳಿಗ್ಗೆಯಿಂದ ಹಾಕ್ಕೊಂಡು ಕೂತಿದಾಳೆ. ಅವಳಿಗೆ ಗೊತ್ತಾಗಲ್ಲ, ನಿಮಗಾದ್ರೂ ಗೊತ್ತಾಗಬೇಡ್ವಾ? ನಿಮ್ಮ ಹಠಕ್ಕೆ ಅಮ್ಮನ ಬೆರಳು ಹೋಗಬೇಕಾ?"

ಸಭೆಗಳಲ್ಲಿ ಕೈಯೆತ್ತುವ ನಾನು ಫೋನನ್ನು ಮೆಲ್ಲಗೆ ಕೆಳಗಿಟ್ಟೆ. ವಿಮಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಸ್ವೆಟರಿನ ಭುಜ ಸೇರಿಸ್ತೀವಲ್ಲ, ಅದೇ ಥರ ಸೇರಿಸಿದ್ರೆ ಗಂಟೂ ಬರಲ್ಲ, ಗೆರೆನೂ ಬರಲ್ಲ," ಎಂದಳು.

"ನಿನಗೆ ಗೊತ್ತಿತ್ತಾ?"

"ಮೂವತ್ತು ವರ್ಷದಿಂದ ಗೊತ್ತು."

"ಮತ್ತೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಕೇಳಿದೆ. ಅವಳು ಬೆರಳುಗಳ ನೋವನ್ನು ಲೆಕ್ಕಿಸದೆ ಕೂತು ತೋರಿಸಿದಳು. ಎಂಟು ಕುಣಿಕೆಗಳು ಮುಂದಿನ ಕಡ್ಡಿಯಲ್ಲಿ, ಎಂಟು ಹಿಂದಿನದರಲ್ಲಿ, ಎರಡೂ ಒಂದಕ್ಕೊಂದು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕು. ದಬ್ಬಣದಲ್ಲಿ ಪೋಣಿಸಿದ ದಾರ ಮುಂದಿನ ಕಡ್ಡಿಗೆ ಹೋಗಿ, ಹಿಂದಿನದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬರಬೇಕು. ಪ್ರತಿಯೊಂದು ಕುಣಿಕೆಯ ಮನೆಗೂ ಎರಡು ಬಾರಿ ಹೋಗಬೇಕು. ಮೊದಲ ಬಾರಿ ಮಾತಾಡಿಸಿ ಬರುವುದು, ಎರಡನೆಯ ಬಾರಿ ಕೈ ಹಿಡಿದು ಕಡ್ಡಿಯಿಂದ ಇಳಿಸುವುದು. ಹೀಗೆ ಮಾಡಿದರೆ ದಾರವು ಇಲ್ಲದಿದ್ದ ಒಂದು ಸಾಲನ್ನೇ ನಡುವೆ ಹೆಣೆದುಬಿಡುತ್ತದೆ. ಇದನ್ನು ಕಂಡುಹಿಡಿದವನು ಯಾವುದೋ ದೇಶದ ದೊಡ್ಡ ಸೇನಾಪತಿಯಂತೆ, ಸೈನಿಕರ ಬೆರಳು ನೋಯಬಾರದೆಂದು ತಾನೇ ಯೋಚಿಸಿ ಮಾಡಿದನಂತೆ ಎಂದು ವಿಮಲೆ ತನ್ನ ಹೆಣಿಗೆ ಗುರುಗಳಿಂದ ಕೇಳಿದ್ದನ್ನು ಹೇಳಿದಳು. ನಾನು ತಕ್ಷಣ ಕೈಯೆತ್ತಿದೆ. ದಂಡು ನಡೆಸುವವನಿಗೆ ದಬ್ಬಣ ಹಿಡಿಯಲು ಪುರಸೊತ್ತೆಲ್ಲಿ? ಯಾವಳೋ ಒಬ್ಬಳು, ಮಗನದೋ ತಮ್ಮನದೋ ಪಾದವನ್ನು ಮಡಿಲಲ್ಲಿಟ್ಟುಕೊಂಡು ಗಾಯ ನೋಡಿದವಳು, ಇದನ್ನು ಕಂಡುಕೊಂಡಿರಬೇಕು. ಹೆಸರು ಮಾತ್ರ ಮೇಲಿದ್ದವನಿಗೆ ಹೋಯಿತು. ನನಗೆ ಸಾಕ್ಷಿಯಿಲ್ಲ, ಆದರೆ ಆ ಸೇನಾಪತಿಯ ಪರವಾಗಿಯೂ ಯಾರೂ ನನಗೆ ಸಾಕ್ಷಿ ತೋರಿಸಿಲ್ಲ.

"ಆಯ್ತು, ಇತಿಹಾಸ ಆಮೇಲೆ. ಮೊದಲು ಆ ಕುಣಿಕೆ ಬಿದ್ದುಹೋಗ್ತಿದೆ, ಹಿಡ್ಕೊಳ್ಳಿ," ಎಂದಳು ವಿಮಲೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ, ಕಾಗದದ ಕಾರ್ಖಾನೆಯವನಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು. ಕಾಗದದ ಯಂತ್ರದಲ್ಲಿ ಹಸಿ ಕಾಗದವನ್ನು ಬಿಸಿ ಉರುಳೆಗಳಿಗೆ ಒತ್ತಿ ಹಿಡಿಯಲು ದಪ್ಪನೆಯ ಕ್ಯಾನ್ವಾಸ್ ಪಟ್ಟಿ ಇರುತ್ತಿತ್ತು. ಅದರ ಎರಡು ತುದಿಗಳನ್ನು ಯಂತ್ರ ನಿಲ್ಲಿಸಿ ಕೈಯಲ್ಲೇ ಸೇರಿಸುವುದು ನಮ್ಮ ಗುಂಪಿನ ಕೆಲಸ. ಸೇರಿಕೆ ಕೂದಲೆಳೆಯಷ್ಟು ಉಬ್ಬಿದರೂ ಪಟ್ಟಿ ಸುತ್ತಿದಾಗಲೆಲ್ಲ ಕಾಗದದ ಮೇಲೆ ಒಂದು ಗೆರೆ ಬೀಳುತ್ತಿತ್ತು, ಅಷ್ಟೂ ಕಾಗದ ರದ್ದಿಗೆ ಹೋಗುತ್ತಿತ್ತು. ಆದ್ದರಿಂದ ದಾರವನ್ನು ಇಕ್ಕಳದಲ್ಲಿ ಹಿಡಿದು ಶಕ್ತಿಯಿದ್ದಷ್ಟೂ ಜಗ್ಗಿ, ಮರದ ಸುತ್ತಿಗೆಯಿಂದ ಬಡಿದು ಸಮ ಮಾಡಿ, ಕೈಯ ಹಿಂಬದಿಯಿಂದ ಸವರಿ ಪರೀಕ್ಷಿಸುತ್ತಿದ್ದೆವು. ಅಂಗೈ ಸುಳ್ಳು ಹೇಳುತ್ತದೆ, ಅದು ಕೆಲಸ ಮಾಡಿ ಒರಟಾಗಿರುತ್ತದೆ. ಹಿಂಗೈ ನಿಜ ಹೇಳುತ್ತದೆ. ನಾನು ಕಾಲುಚೀಲದ ತುದಿಗೂ ಅದೇ ವಿದ್ಯೆಯನ್ನು ಅನ್ವಯಿಸಿದೆ. ಪ್ರತಿ ಸಲ ದಾರವನ್ನು ಜಗ್ಗಿದೆ. ಗೆರೆ ಎದ್ದಿತು. ಗೆರೆ ಎದ್ದದ್ದಕ್ಕೆ ಬಟ್ಟೆ ಒಗೆಯುವ ಕೊಡತಿ ತಂದು ಬಡಿಯತೊಡಗಿದೆ.

"ಅಯ್ಯೋ, ಸಾಕ್ಸಿಗೆ ಯಾಕ್ರೀ ಹೊಡೀತೀರಾ, ಅದೇನು ಮಾಡಿತು?" ಎಂದು ವಿಮಲೆ ಓಡಿ ಬಂದಳು. ಕೊಡತಿ ಕಿತ್ತುಕೊಂಡು, ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಎಳೀಬೇಡಿ. ಉಳಿದ ಸಾಲು ಎಷ್ಟು ಸಡಿಲ ಇದಾವೋ ಇದೂ ಅಷ್ಟೇ ಸಡಿಲ ಇರ್ಬೇಕು. ಬಿಗಿ ಮಾಡಿದ್ರೇನೇ ಗಂಟಾಗೋದು."

ನಾನು ಬದುಕಿಡೀ ಬಿಗಿ ಮಾಡಿದ್ದೇ ಹೆಚ್ಚು. ಸಡಿಲ ಬಿಡುವುದನ್ನು ಕಲಿಯಲು ಹತ್ತು ದಿನ ಹಿಡಿಯಿತು. ಕೊನೆಗೊಂದು ಬೆಳಿಗ್ಗೆ ಹಿಂಗೈಯಿಂದ ತುದಿಯನ್ನು ಸವರಿದಾಗ ಏನೂ ತಾಗಲಿಲ್ಲ. ಕೆನ್ನೆಗೆ ಒತ್ತಿಕೊಂಡೆ, ಆಗಲೂ ಏನೂ ತಾಗಲಿಲ್ಲ. ಹದಿನಾರು ಕುಣಿಕೆ, ಹತ್ತು ನಿಮಿಷದ ಕೆಲಸ. ಆಗ, ಕಾಲುಚೀಲ ಇನ್ನೂ ಕೆನ್ನೆಯ ಮೇಲಿದ್ದಾಗಲೇ, ಅರುವತ್ತು ವರ್ಷ ತಡವಾಗಿ ನನಗೆ ಸಂಶಯ ಬಂತು.

ಎರಡನೆಯದರ ತುದಿಯನ್ನು ತೆರೆದೇ ಇಟ್ಟುಕೊಂಡು ಅಂದೇ ಭದ್ರಾವತಿಗೆ ಹೋದೆ. ಐದನೆಯ ವಾರ ನಡೆಯುತ್ತಿತ್ತು. ಕೆಂಪು ಗುರುತು ಮಾಸಿತ್ತು, ಹುಣ್ಣು ಅಂಚಿನಿಂದ ಒಣಗುತ್ತ ಬಂದಿತ್ತು, ಅಕ್ಕನ ಮೂಗಿನ ಮೇಲೆ ಹೊಸ ಕನ್ನಡಕ ಕೂತಿತ್ತು. ಸುಮಾ ಕೆಲಸಕ್ಕೆ ಹೋಗಿದ್ದಳು. ನಾನು ಪೀಠಿಕೆಯಿಲ್ಲದೆ ಕೇಳಿದೆ.

"ಅಕ್ಕ, ಹಿಮ್ಮಡಿ ಕಲಿಸೋಕೆ ಹದಿನೈದು ದಿನ ಬೇಕು. ಮೂತಿ ಮುಚ್ಚೋದು ಕಲಿಸೋಕೆ ಹತ್ತು ನಿಮಿಷ. ಅಷ್ಟು ಕಲಿಸಿದ ಟೀಚರು ಆ ಹತ್ತು ನಿಮಿಷ ಕೊಡದೇ ಬಸ್ ಹತ್ತಿದ್ರಾ? ನಾನು ನಂಬಲ್ಲ."

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

"ಟೀಚರಿಗೆ ವರ್ಗ ಆಗ್ಲಿಲ್ಲ ಕಣೋ. ಅವ್ರು ಅದೇ ಸ್ಕೂಲಲ್ಲೇ ರಿಟೈರಾದ್ರು."

"ಮತ್ತೆ?"

"ನಿಂಗೆ ಟೈಫಾಯ್ಡ್ ಆಯ್ತಲ್ಲ, ಐದು ವರ್ಷಕ್ಕೆ. ಅಪ್ಪ ಫ್ಯಾಕ್ಟ್ರಿಗೆ, ಅವ್ವ ಗದ್ದೆಗೆ. ನಿನ್ನ ಯಾರು ನೋಡ್ಕೋಬೇಕು? ಒಂದು ವಾರ ಬಿಡು ಸಾಕು ಅಂದಳು ಅವ್ವ. ಎರಡು ತಿಂಗಳಾಯ್ತು. ಅಷ್ಟರಲ್ಲಿ ನಾಟಿ ಬಂತು, ಆಮೇಲೆ ಇನ್ನೇನೋ ಬಂತು. ನನ್ನ ಸ್ಕೂಲ್ ಚೀಲ ಎಲ್ಲಿದೆ ಅಂತ ಯಾರೂ ಹುಡುಕ್ಲಿಲ್ಲ. ಕೇಳಿದವ್ರಿಗೆ ಏನು ಹೇಳೋದು? ಅವ್ವನ್ನ ಬಯ್ತಾರೆ, ಇಲ್ಲಾ ನಿನ್ನ ಬಯ್ತಾರೆ. ಟೀಚರಿಗೆ ವರ್ಗ ಆಯ್ತು ಅಂದ್ರೆ ಯಾರಿಗೂ ನೋವಿಲ್ಲ ನೋಡು."

ಕೆಂಪು ಕಾಲುಚೀಲ ನನಗಾಗಿಯೇ ಹೆಣೆದದ್ದಂತೆ.

"ಜ್ವರದಲ್ಲಿ ನಿನ್ನ ಕಾಲು ತಣ್ಣಗಾಗ್ತಿತ್ತು. ಬೇಗ ಮುಗಿಸೋಣ ಅಂತ ಪಕ್ಕದಲ್ಲೇ ಕೂತು ಹಾಕ್ತಿದ್ದೆ. ಮೂತಿಗೆ ಬಂದಾಗ ಗೊತ್ತಾಗ್ಲಿಲ್ಲ, ಕೇಳೋಣ ಅಂದ್ರೆ ಸ್ಕೂಲಿಗೆ ಹೋಗೋ ಹಾಗಿಲ್ಲ."

"ಇನ್ನೊಂದು ಕಾಲಿಂದು?"

"ಅದರ ಉಲನ್ನೆಲ್ಲ ನಿನಗೇ ಹೋಯ್ತು ಮಾರಾಯ. ಹಾಸಿಗೇಲಿ ಸುಮ್ನೆ ಇರ್ತಿರ್ಲಿಲ್ಲ, ಅಳ್ತಿದ್ದೆ. ನಿನ್ನ ಕಂಬಳಿ ಮೇಲೆ ಉಲನ್ ಇಟ್ಟು ಅ ಆ ಬರೀತಿದ್ದೆ, ಒಂದು ಕಡ್ಡೀಲಿ ತೋರಿಸ್ತಿದ್ದೆ, ನೀನು ಓದ್ತಿದ್ದೆ. ಓದಿ ಆದ ಮೇಲೆ ಆ ದಾರಾನೇ ಕಚ್ಚಿ ಕಚ್ಚಿ ತುಂಡು ಮಾಡ್ತಿದ್ದೆ. ಆ ಕಡ್ಡಿನೂ ನೀನೇ ಎಲ್ಲೋ ಹಾಕಿಬಿಟ್ಟೆ."

"ನಾನು ಅಕ್ಷರ ಕಲಿತಿದ್ದು ಅಂಗಡಿ ಬೋರ್ಡ್ ನೋಡಿ," ಎಂದೆ. ನನ್ನ ದನಿ ನನಗೇ ಐದು ವರ್ಷದ್ದೆಂದು ಕೇಳಿಸಿತು.

"ಎರಡು ತಿಂಗಳು ಹಾಸಿಗೆ ಬಿಟ್ಟು ಎದ್ದಿಲ್ಲ, ಅದ್ಯಾವ ಅಂಗಡಿ ಬಂತೋ ನಿನ್ನ ಹಾಸಿಗೆ ಹತ್ರ?" ಎಂದು ಅಕ್ಕ ನಕ್ಕಳು. "ಅಂಗಡಿ ಬೋರ್ಡ್ ಓದಿದ್ದು ಆಮೇಲೆ. ಅವ್ವ ಅದನ್ನ ನೋಡಿ ಹೆಮ್ಮೆಪಟ್ಟಳು. ಪಡ್ಲಿ ಬಿಡು ಅಂದ್ಕೊಂಡೆ."

ಎಲ್ಲವನ್ನೂ ಅನುಮಾನಿಸಿದವನು ತನ್ನನ್ನು ಹೊಗಳಿದ ಒಂದು ಕಥೆಯನ್ನು ಮಾತ್ರ ಅನುಮಾನಿಸಿರಲಿಲ್ಲ. ರದ್ದಿಯ ರಾಶಿಯ ಮುಂದೆ ಕೂತು ನಾನು ಓದಿದ ಪ್ರತಿಯೊಂದು ಸಾಲಿನ ಹಿಂದೆಯೂ ಹನ್ನೆರಡು ವರ್ಷದ ಒಬ್ಬಳ ಉಣ್ಣೆಯ ದಾರವಿತ್ತು. ಅವಳು ಕಲಿಯದೆ ಉಳಿದ ಹತ್ತು ನಿಮಿಷದ ಪಾಠ ನನ್ನ ಚೀಲದಲ್ಲಿತ್ತು. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ, ಅಭ್ಯಾಸವಿಲ್ಲ. ತೆರೆದ ತುದಿಯ ಬಿಳಿಯ ಕಾಲುಚೀಲವನ್ನು ತೆಗೆದು ಅವಳ ಮಡಿಲಲ್ಲಿಟ್ಟೆ. ದಬ್ಬಣಕ್ಕೆ ದಾರ ಪೋಣಿಸಿ ಕೈಗೆ ಕೊಟ್ಟೆ.

"ನಂಗೆ ಎಲ್ಲಿ ಬರುತ್ತೋ, ಕೈ ನಡುಗುತ್ತೆ."

"ನಡುಗ್ಲಿ. ಬಿಗಿ ಮಾಡಬೇಡ, ಅಷ್ಟೇ."

ವಿಮಲೆ ನನಗೆ ಹೇಳಿದ್ದನ್ನೆಲ್ಲ ನಾನು ಅವಳಿಗೆ ಹೇಳಿದೆ. ಮೊದಲ ನಾಲ್ಕು ಕುಣಿಕೆಗಳವರೆಗೆ ಹೇಳಿದೆ. ಐದನೆಯದಕ್ಕೆ ಬಾಯಿ ತೆರೆದಾಗ, "ಸುಮ್ನಿರೋ, ಎಣಿಸ್ತಿದೀನಿ," ಎಂದಳು. ಅವಳ ಕೈ ನಡುಗುತ್ತಿದ್ದದ್ದರಿಂದಲೋ ಏನೋ ದಾರ ಎಲ್ಲಿಯೂ ಬಿಗಿಯಲಿಲ್ಲ. ನಾನು ಹತ್ತು ದಿನದಲ್ಲಿ ಕಲಿತದ್ದು ಅವಳಿಗೆ ಒಂದೇ ಸಲಕ್ಕೆ ಬಂತು. ಕೊನೆಯ ಕುಣಿಕೆ ಕಡ್ಡಿಯಿಂದ ಇಳಿದಾಗ ಅವಳು ಕಾಲುಚೀಲದ ಒಳಗೆ ಕೈ ಹಾಕಿ ತುದಿಯನ್ನು ಸವರಿದಳು. ಹಿಂಗೈಯಲ್ಲಿ ನೋಡು ಎಂದೆ, ನೋಡಿದಳು. ಆಮೇಲೆ ಅದನ್ನು ನನ್ನ ಕೆನ್ನೆಗೆ ಒತ್ತಿ, "ಏನಾದ್ರೂ ತಾಗುತ್ತಾ?" ಎಂದು ಕೇಳಿದಳು. ಅವಳ ಕಾಲು ಹೇಳಲಾರದ್ದನ್ನು ಯಾರಾದರೂ ಹೇಳಬೇಕಿತ್ತಲ್ಲ. ಇಲ್ಲ ಎಂದೆ. ಜೀವನದಲ್ಲಿ ಅಷ್ಟು ಖಚಿತವಾಗಿ ನಾನು ಏನನ್ನೂ ಹೇಳಿದ್ದಿಲ್ಲ.

ಆರನೆಯ ವಾರದ ಕೊನೆಗೆ ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರು. ಹುಣ್ಣಿದ್ದ ಜಾಗದಲ್ಲಿ ಎಳೆಯ ತಿಳಿಗುಲಾಬಿ ಚರ್ಮ ಬಂದಿತ್ತು. ಹೊಸ ಗುರುತು ಎಲ್ಲಿಯೂ ಇರಲಿಲ್ಲ. ಡಾಕ್ಟರು ಕಾಲುಚೀಲವನ್ನು ಒಳಹೊರಗು ತಿರುಗಿಸಿ ಬೆರಳಾಡಿಸಿದರು.

"ಇದನ್ನ ಎಲ್ಲಿ ಮುಚ್ಚಿರೋದು?"

"ಹುಡುಕಿ ನೋಡಿ ಡಾಕ್ಟ್ರೇ," ಎಂದಳು ಅಕ್ಕ.

"ಬೆರಳು ಉಳೀತು ಅಜ್ಜಿ. ಆದ್ರೆ ದಿನಾ ಪಾದ ನೋಡ್ಕೋಬೇಕು, ಬಿಡಬಾರದು."

"ನಾನು ನೋಡದಿದ್ರೂ ನನ್ನ ತಮ್ಮ ನೋಡ್ತಾನೆ. ಅವನು ಯಾರನ್ನೂ ನಂಬಲ್ಲ," ಎಂದಳು. ಸುಮಾ ಆ ದಿನ ನನ್ನನ್ನು ಬಸ್ ಸ್ಟ್ಯಾಂಡಿನವರೆಗೂ ಬಿಟ್ಟು, "ಮಾವ, ನನಗೂ ಒಂದು ಜೊತೆ," ಎಂದಳು. ನಮ್ಮಲ್ಲಿ ರಾಜಿಯಾಗುವುದು ಹೀಗೆಯೇ.

ಹೊರಡುವ ಮೊದಲು ಅಕ್ಕ ಬಟ್ಟೆಯಲ್ಲಿ ಸುತ್ತಿದ ಕೆಂಪು ಕಾಲುಚೀಲವನ್ನು ನನ್ನ ಕೈಗೆ ಕೊಟ್ಟಿದ್ದಳು. "ಇದು ನಿಂದು, ತಗೊಂಡು ಹೋಗು. ಆದ್ರೆ ಮೂತಿ ನೀನು ಮುಚ್ಚಬೇಡ. ಭಾನುವಾರ ಬರ್ತೀನಿ, ಬಂದು ನಾನೇ ಮುಚ್ತೀನಿ. ಸ್ಟ್ಯಾಂಡಿಗೆ ಬರಬೇಡ, ದಾರಿ ಗೊತ್ತು ನನಗೆ."

ಇಂದು ಶನಿವಾರ. ಗಾಂಧಿ ಬಜಾರಿನಲ್ಲಿ ಕೆಂಪು ಉಣ್ಣೆ ತಂದಿದ್ದೇನೆ; ಹಳೆಯದಕ್ಕೆ ಅದು ಹೊಂದುವುದಿಲ್ಲ, ಎಲ್ಲಿ ಸೇರಿಸಿದೆವೆಂಬುದು ಬೀದಿಯ ಆ ತುದಿಯಿಂದಲೇ ಕಾಣುತ್ತದೆ. ಕಾಣಲಿ. ಬೆಳಿಗ್ಗೆಯಿಂದ ಮೂರು ಬಾರಿ ಈ ಕಡ್ಡಿಗಳ ಹತ್ತಿರ ಕೈ ಹೋಗಿದೆ, ಹತ್ತು ನಿಮಿಷದ ಕೆಲಸವಲ್ಲವೇ ಎನ್ನಿಸಿದೆ. ಪ್ರತಿ ಸಲವೂ ವಿಮಲೆ ಅಡುಗೆಮನೆಯಿಂದಲೇ, "ಮುಟ್ಟಬೇಡಿ," ಎನ್ನುತ್ತಾಳೆ. ಮುಟ್ಟುವುದಿಲ್ಲ. ಕುಣಿಕೆಗಳು ಇಷ್ಟು ವರ್ಷ ಕಾದಿವೆ, ನಾಳೆ ಹನ್ನೊಂದು ಗಂಟೆಯವರೆಗೆ ಕಾಯಲಾರವೇ? ಆ ಹೊತ್ತಿಗೆ ಗೇಟಿನ ಚಿಲಕ ಸದ್ದು ಮಾಡುತ್ತದೆ. ನಮ್ಮಕ್ಕ ಬಿಳಿಯ ಕಾಲುಚೀಲ ಹಾಕಿಕೊಂಡು, ಕೈಚೀಲದಲ್ಲಿ ನುಗ್ಗೆಕಾಯಿ ತುಂಬಿಕೊಂಡು, ಹತ್ತೂ ಬೆರಳುಗಳ ಮೇಲೆ ನಡೆದು ಬರುತ್ತಾಳೆ. ಇದನ್ನು ಮಾತ್ರ ನಾನು ಅವಳು ಹೇಳಿದ ಹಾಗೆಯೇ ನಂಬಿದ್ದೇನೆ.